ಕಲ್ಲಿಗೊಂದು ವಿಳಾಸ

ಕಾವೇರಿ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹೊಸದಾಗಿ ಗೈದರ್ಸ್‌ಬರ್ಗಿಗೆ ಬಂದ ಹುಡುಗಿಯೊಬ್ಬಳು ಹಿಂದಿನಿಂದ ಕೇಳಿದಳು: "ಆಂಟಿ, ನೀವು ಮ್ಯೂಸಿಯಂನಲ್ಲಿ ಕೆಲಸ ಮಾಡ್ತಿದ್ರಂತೆ. ಅಲ್ಲಿ ಏನು ಕೆಲಸ ಇರತ್ತೆ? ವಿಗ್ರಹದ ಧೂಳು ಒರೆಸೋದಾ?"

"ಇಲ್ಲಮ್ಮ, ಧೂಳು ಒರೆಸೋರು ನನಗಿಂತ ತುಂಬಾ ಹೆಚ್ಚು ಓದಿರ್ತಾರೆ. ರಸಾಯನಶಾಸ್ತ್ರ ಎಲ್ಲಾ ಬೇಕು ಅದಕ್ಕೆ. ನಾನು ಬರೀ ಕಾಗದದ ಕೆಲಸದವಳು" ಎಂದೆ. ಅವಳು ನಕ್ಕಳು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ದುಡಿದದ್ದು ಈ ಊರಿನಲ್ಲಲ್ಲ. ಅಮೆರಿಕದ ಬೇರೊಂದು ನಗರದ, ಏಷ್ಯಾದ ಕಲೆಯನ್ನಿಟ್ಟುಕೊಂಡ ಮ್ಯೂಸಿಯಂ ಒಂದರಲ್ಲಿ. ಕಾರ್ಡಿನ ಮೇಲಿದ್ದ ಹುದ್ದೆ ವಿದ್ವತ್ ಕಾರ್ಯಕ್ರಮ ಮತ್ತು ಪ್ರಕಟಣೆಗಳ ಉಸ್ತುವಾರಿ. ಕೇಳಲು ಭಾರಿ, ಮಾಡಲು ಮಾತ್ರ ಮದುವೆ ಮನೆಯ ಉಸ್ತುವಾರಿಯ ಹಾಗೆ. ಒಂದು ವಿಚಾರ ಸಂಕಿರಣವೆಂದರೆ ಕ್ಯೋಟೋದಿಂದ ಒಬ್ಬರು, ಲಂಡನ್ನಿನಿಂದ ಒಬ್ಬರು, ಹೈದರಾಬಾದಿನಿಂದ ಒಬ್ಬರು ಬರಬೇಕು. ವೀಸಾಕ್ಕೆ ಪತ್ರ, ಟಿಕೆಟ್ಟು, ಗೌರವಧನ, ಈರುಳ್ಳಿ ತಿನ್ನದವರಿಗೆ ಬೇರೆ ಊಟ. ಇಪ್ಪತ್ತು ನಿಮಿಷದ ಭಾಷಣವನ್ನು ನಲವತ್ತಕ್ಕೆ ಎಳೆಯುವವರಿಗೆ ಮುಂದಿನ ಸಾಲಿನಿಂದ ಚೀಟಿ ತೋರಿಸುವುದು. ಅವರೆಲ್ಲ ಹೊರಟುಹೋದ ಮೇಲೆ ಅವರ ಲೇಖನಗಳಿಗಾಗಿ ಎರಡು ವರ್ಷ ಬೆನ್ನು ಹತ್ತುವುದು.

ಲೇಖನ ಬಂದ ಮೇಲೆ ನಿಜವಾದ ಕೆಲಸ ಶುರು. ಅದನ್ನು ಹೆಸರು ತಿಳಿಸದೆ ಇಬ್ಬರು ವಿದ್ವಾಂಸರಿಗೆ ಕಳಿಸಿ ಅಭಿಪ್ರಾಯ ತರಿಸಬೇಕು. ಒಂದೊಂದು ಚಿತ್ರಕ್ಕೂ ಅದರ ಒಡೆಯರಿಗೆ ಬರೆದು ಅನುಮತಿ ಪಡೆದು ಹಣ ಕಟ್ಟಬೇಕು. ಇಂಗ್ಲಿಷ್ ಲಿಪಿಯಲ್ಲಿ ನಮ್ಮ ಳಕಾರ ಣಕಾರಗಳಿಗೆ ಅಕ್ಷರದ ಕೆಳಗೊಂದು ಚುಕ್ಕೆ ಬೇಕು. ಆ ಚುಕ್ಕೆಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಸಾಸಿವೆ ಕಾಳಿನ ಹಾಗೆ ಚೆಲ್ಲಿಹೋಗುತ್ತವೆ. ಹೆಕ್ಕಿ ಹೆಕ್ಕಿ ಮತ್ತೆ ಇಡಬೇಕು. ಕೊನೆಯಲ್ಲಿ ಪದಸೂಚಿ.

ಈ ಕೆಲಸ ನನಗೆ ಒಗ್ಗಿದ್ದಕ್ಕೆ ಕಾರಣ ಅಪ್ಪ. ಸಾಗರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇತ್ತು. ಒಂದು ಟ್ರೆಡಲ್ ಯಂತ್ರ, ಮೊಳೆಗಳ ಕೇಸುಗಳು, ಇಬ್ಬರು ಕಂಪಾಸಿಟರುಗಳು. ಲಗ್ನಪತ್ರಿಕೆ, ಸೊಸೈಟಿಯ ರಸೀದಿ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇಷ್ಟೇ ವ್ಯಾಪಾರ. ಶಾಲೆ ಬಿಟ್ಟು ಬಂದವಳನ್ನು ಅಪ್ಪ ಕರಡು ನೋಡಲು ಕೂರಿಸುತ್ತಿದ್ದರು. "ಹುಡುಗನ ಹೆಸರು ತಪ್ಪಿದ್ರೆ ಜನ ನಗ್ತಾರೆ, ಅಷ್ಟೆ. ಊರು ತಪ್ಪಿದ್ರೆ ಬೇರೆಯವರ ಮದುವೆಗೆ ಹೋಗಿ ಕೂತ್ಕತಾರೆ. ಊರನ್ನ ಮೊದಲು ನೋಡು ಮಗಾ" ಎನ್ನುತ್ತಿದ್ದರು.

ಆ ಮಾತನ್ನು ನಾನು ಒಮ್ಮೆ ಮೀರಿದೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಮ್ಯೂಸಿಯಂನ ಕಲ್ಲಿನ ಶಿಲ್ಪಗಳ ಪುಸ್ತಕವೊಂದು ಅಚ್ಚಿಗೆ ಸಿದ್ಧವಾಗುತ್ತಿತ್ತು. ಅದರಲ್ಲೊಂದು ವೀರಗಲ್ಲು. ನಮ್ಮ ಕಡೆ ಊರ ಹೊರಗೆ, ಕೆರೆ ಏರಿಯ ಮೇಲೆ, ಬೇಲಿ ಮೂಲೆಯಲ್ಲಿ ನಿಂತಿರುತ್ತವಲ್ಲ, ಅಂಥದ್ದೇ. ಕೆಳಗಿನ ಹಂತದಲ್ಲಿ ಕಾಳಗ ಮತ್ತು ಹಸುಗಳು, ನಡುವಿನ ಹಂತದಲ್ಲಿ ಸತ್ತ ವೀರನನ್ನು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಚಿತ್ರದ ಕೆಳಗಿನ ಬರಹ: ವೀರಗಲ್ಲು, ದಕ್ಷಿಣ ಭಾರತ, 12ನೇ ಶತಮಾನ.

ಪ್ರೂಫಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳು ಕಂಡವು. ದುಂಡಗಿನ ಗ, ಒಂದು ನ, ಒಂದು ರ. ಎದೆ ಹೊಡೆದುಕೊಂಡಿತು. ಕ್ಯುರೇಟರ್ ಬಳಿಗೆ ಓಡಿ "ಇದು ಕನ್ನಡ" ಎಂದೆ. ಅವರು ಜಪಾನಿನ ಚಿತ್ರಸುರುಳಿಗಳ ಪಂಡಿತೆ. ಕಲ್ಲುಗಳು ಅವರ ಪಾಲಿಗೆ ಹಂಚಿಕೆಯಲ್ಲಿ ಬಂದವು. ಸಂತೋಷಪಟ್ಟು "ಏನೆಂದು ಬರೆದಿದೆ, ಓದಿ" ಅಂದರು. ನನಗೆ ಓದಲಾಗಲಿಲ್ಲ. ಎಂಟುನೂರು ವರ್ಷ ಹಳೆಯ ಲಿಪಿ ಅದು. ನನ್ನ ಕನ್ನಡ ಲಗ್ನಪತ್ರಿಕೆಯ ಕನ್ನಡ.

ಮೈಸೂರಿನಲ್ಲಿ ಶಾಸನ ಓದುವ ನಿವೃತ್ತ ಮೇಷ್ಟ್ರೊಬ್ಬರಿಗೆ ಫೋಟೋ ಕಳಿಸಿದೆ. "ತಾಯಿ, ಬೆಳಕನ್ನು ಎದುರಿನಿಂದ ಬಿಟ್ಟರೆ ಅಕ್ಷರ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟು ಇನ್ನೊಂದು ತೆಗೆಸಿ" ಎಂದು ಬರೆದರು. ತೆಗೆಸಿದೆ. ಪಕ್ಕದ ಬೆಳಕಿನಲ್ಲಿ ಸವೆದ ಗೆರೆಗಳೆಲ್ಲ ಎದ್ದು ನಿಂತವು. ಅದನ್ನು ನೋಡಿ ಅವರು ಬರೆದದ್ದು ಇಷ್ಟು: "ತುರುಗಾಳಗದ ಕಲ್ಲು. ರೈಸ್ ಸಂಪುಟಗಳಲ್ಲಿ ಇದೆಯೇ ಹುಡುಕಬೇಕು. ಒಂದು ತಿಂಗಳು ಕೊಡಿ."

ರೈಸ್ ಸಂಪುಟಗಳೆಂದರೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾಗಿ 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಾದವು. ಅವುಗಳ ಏರ್ಪಾಡು ನೋಡಿದರೆ ಅಪ್ಪ ಮೆಚ್ಚುತ್ತಿದ್ದರು. ರಾಜರ ಪ್ರಕಾರವಲ್ಲ, ಜಿಲ್ಲೆ ಮತ್ತು ತಾಲ್ಲೂಕಿನ ಪ್ರಕಾರ. ಶಿಕಾರಿಪುರಕ್ಕೆ ಒಂದು ಸಂಕ್ಷೇಪ, ಸೊರಬಕ್ಕೆ ಇನ್ನೊಂದು, ಅದರ ಮುಂದೆ ಒಂದು ಸಂಖ್ಯೆ. ಯಾವ ಊರಿನಲ್ಲಿ, ಯಾವ ಗುಡಿಯ ಹತ್ತಿರ, ಯಾವ ಹೊಲದಲ್ಲಿ ಕಲ್ಲು ನಿಂತಿದೆ ಎಂಬುದೂ ಇರುತ್ತದೆ. ಒಂದೊಂದು ಕಲ್ಲಿಗೂ ಒಂದು ಅಂಚೆ ವಿಳಾಸ.

ನನ್ನ ಬಳಿ ತಿಂಗಳಿರಲಿಲ್ಲ. ಹತ್ತು ದಿನವಿತ್ತು. ಪುಸ್ತಕ ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಭರ್ತಿಯಾಗಿತ್ತು. ಆ ಪುಟಕ್ಕೆ ಎರಡು ಸಾಲಿನ ಅಡಿಟಿಪ್ಪಣಿ ಸೇರಿಸಿದರೆ ಕೆಳಗಿನ ಸಾಲುಗಳು ಮುಂದಿನ ಪುಟಕ್ಕೆ ಜಾರಿ, ಪದಸೂಚಿಯ ಸಂಖ್ಯೆಗಳೆಲ್ಲ ಬದಲಾಗುತ್ತಿದ್ದವು. ಕನಿಷ್ಠ ದಕ್ಷಿಣ ಭಾರತ ಎಂಬಲ್ಲಿ ಕರ್ನಾಟಕ ಎಂದು ಹಾಕಬಹುದಿತ್ತು. ಕ್ಯುರೇಟರ್ ಆಗ ಜಪಾನಿನಲ್ಲಿದ್ದರು. ಅವರ ಒಪ್ಪಿಗೆಯಿಲ್ಲದೆ ಮಾಹಿತಿ ಬದಲಿಸುವಂತಿಲ್ಲ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಕನ್ನಡ ಶಾಸನಗಳು ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳಲ್ಲೂ ಇವೆ, ಲಿಪಿ ಒಂದರಿಂದಲೇ ಸ್ಥಳ ಹೇಳಲಾಗದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ. ಆದರೆ ನಾನು ಸುಮ್ಮನಾದದ್ದು ಆ ವಿದ್ವತ್ತಿನ ಎಚ್ಚರಿಕೆಯಿಂದಲ್ಲ, ಪುಟ ಮೀರುತ್ತದೆ ಎಂಬ ಭಯದಿಂದ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದುಕೊಂಡೆ. ಅಂಥ ಪುಸ್ತಕಗಳಿಗೆ ಮುಂದಿನ ಮುದ್ರಣ ಇರುವುದಿಲ್ಲವೆಂದು ಇಪ್ಪತ್ತು ವರ್ಷದ ಅನುಭವದಲ್ಲಿ ನನಗೆ ಗೊತ್ತಿತ್ತು.

ಪುಸ್ತಕ ಬಂತು. ಆಮೇಲೆ ಮೇಷ್ಟ್ರ ಕಾಗದ ಬಂತು. ರೈಸ್ ಸಂಪುಟಗಳಲ್ಲಿ ಕಲ್ಲು ಸಿಕ್ಕಿರಲಿಲ್ಲ. ಆದರೆ ಪಕ್ಕದ ಬೆಳಕಿನ ಫೋಟೋದಿಂದ ಅವರು ಐದು ಸಾಲು ಓದಿದ್ದರು. ಬನವಾಸಿ ಪನ್ನಿರ್ಚ್ಛಾಸಿರದ, ಅಂದರೆ ಬನವಾಸಿ ಹನ್ನೆರಡು ಸಾವಿರದ, ಒಂದು ಊರಿನ ತುರುಗಳನ್ನು ಕಳ್ಳರು ಹಿಡಿದಾಗ ಒಬ್ಬಾತ ಕಾದಿ, ತುರುಗಳನ್ನು ಮರಳಿಸಿ ಸತ್ತ. ವೀರನ ಹೆಸರಿನ ಅರ್ಧ ಉಳಿದಿತ್ತು. ಊರಿನ ಹೆಸರಿದ್ದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದುಹೋಗಿತ್ತು. "ಊರು ಸಿಗಲಿಲ್ಲ, ಕ್ಷಮಿಸಿ" ಎಂದು ಕೊನೆಯಲ್ಲಿ ಬರೆದಿದ್ದರು. ಕ್ಷಮೆ ಕೇಳಬೇಕಾದವಳು ನಾನು.

ಬನವಾಸಿ ಹನ್ನೆರಡು ಸಾವಿರವೆಂದರೆ ಇಂದಿನ ಶಿರಸಿ, ಸೊರಬ, ಶಿಕಾರಿಪುರದ ಸುತ್ತಿನ ಸೀಮೆ. ಸಾಗರದಿಂದ ಬಸ್ಸಿಗೆ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವ ಜಾಗ. ನಮ್ಮ ಮಗ್ಗುಲಿನ ಕಲ್ಲನ್ನು ನಾನು ದಕ್ಷಿಣ ಭಾರತವೆಂದು ಅಚ್ಚು ಹಾಕಿಸಿದ್ದೆ.

ಮೇಷ್ಟ್ರ ಓದನ್ನು ಇಂಗ್ಲಿಷಿಗೆ ಇಳಿಸಿ, ಟೈಪು ಮಾಡಿ, ಕ್ಯುರೇಟರ ಸಹಿ ಹಾಕಿಸಿ, ಆ ಕಲ್ಲಿನ ಕಡತಕ್ಕೆ ಸೇರಿಸಿದೆ. ಗ್ಯಾಲರಿಯ ಫಲಕವನ್ನೂ ಬದಲಿಸಿದರು. ಪುಸ್ತಕವನ್ನು ಮಾತ್ರ ಯಾರೂ ಬದಲಿಸಲಾರರು. ಅದು ಗ್ರಂಥಾಲಯಗಳ ಕಪಾಟಿನಲ್ಲಿದೆ. ಕೆಲವು ವರ್ಷದ ನಂತರ ಯಾರದೋ ಒಂದು ಲೇಖನದಲ್ಲಿ ಅದೇ ಕಲ್ಲಿನ ಚಿತ್ರ ಕಂಡೆ. ಕೆಳಗೆ ದಕ್ಷಿಣ ಭಾರತ ಎಂದಿತ್ತು, ಆಧಾರವಾಗಿ ನಮ್ಮ ಪುಸ್ತಕದ ಪುಟ ಸಂಖ್ಯೆ. ಪುಟ ಸಂಖ್ಯೆ ಸರಿಯಾಗಿಯೇ ಇತ್ತು. ಅದನ್ನು ಉಳಿಸಲೆಂದೇ ಅಲ್ಲವೆ ನಾನು ಸುಮ್ಮನಾದದ್ದು!

ನಿವೃತ್ತಳಾಗಿ ಮಗಳ ಊರಾದ ಗೈದರ್ಸ್‌ಬರ್ಗಿಗೆ ಬಂದ ಮೇಲೆ ತಿಂಗಳಿಗೊಮ್ಮೆಯಾದರೂ ವಾಷಿಂಗ್ಟನ್ನಿಗೆ ಹೋಗುತ್ತೇನೆ. ಶೇಡಿ ಗ್ರೋವ್‌ನಲ್ಲಿ ರೆಡ್ ಲೈನ್ ಹತ್ತಿ, ಮೆಟ್ರೋ ಸೆಂಟರಿನಲ್ಲಿ ಬದಲಿಸಿ, ಸ್ಮಿತ್‌ಸೋನಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಪಕ್ಕದಲ್ಲೇ ಫ್ರೀಯರ್ ಗ್ಯಾಲರಿ. ಡೆಟ್ರಾಯಿಟ್‌ನಲ್ಲಿ ರೈಲುಬೋಗಿ ಮಾಡಿ ಶ್ರೀಮಂತನಾದ ಚಾರ್ಲ್ಸ್ ಲ್ಯಾಂಗ್ ಫ್ರೀಯರ್ ತನ್ನ ಸಂಗ್ರಹವನ್ನು ದೇಶಕ್ಕೆ ಕೊಟ್ಟ. ಅವನು 1919ರಲ್ಲಿ ತೀರಿಕೊಂಡ, ಕಟ್ಟಡ 1923ರಲ್ಲಿ ತೆರೆಯಿತು. ವಸ್ತುಗಳನ್ನು ಹೊರಗೆ ಎರವಲು ಕೊಡಬಾರದೆಂದು ಷರತ್ತು ಹಾಕಿದ. ಜೊತೆಗೆ ಪೂರ್ವದೇಶಗಳ ನಾಗರಿಕತೆಯ ಅಧ್ಯಯನಕ್ಕೆಂದು ಹಣವನ್ನೂ ಇಟ್ಟುಹೋದ. ವಸ್ತು ಕೊಟ್ಟರೆ ಸಾಲದು, ಅದು ಏನೆಂದು ತಿಳಿಯುವುದಕ್ಕೂ ಖರ್ಚಿದೆ ಎಂದು ಆ ವ್ಯಾಪಾರಿಗೆ ಹೊಳೆದಿತ್ತು. ಇಲ್ಲಿಂದ ಮಿಶಿಗನ್ ವಿಶ್ವವಿದ್ಯಾಲಯದ ಜೊತೆಗೂಡಿ 1954ರಿಂದ ಬರುತ್ತಿರುವ ಆರ್ಸ್ ಓರಿಯೆಂಟಾಲಿಸ್ ಎಂಬ ವಿದ್ವತ್ ಪತ್ರಿಕೆ ನನ್ನಂಥವರಿಗೆ ಮೇಲ್ಪಂಕ್ತಿ. 1987ರಲ್ಲಿ ಪಕ್ಕದಲ್ಲಿ ತೆರೆದ ಸ್ಯಾಕ್ಲರ್ ಗ್ಯಾಲರಿಯನ್ನೂ ಸೇರಿಸಿ ಈಗ ಎರಡಕ್ಕೂ ರಾಷ್ಟ್ರೀಯ ಏಷ್ಯಾ ಕಲಾ ಮ್ಯೂಸಿಯಂ ಎಂದು ಹೆಸರು. 2013ರಲ್ಲಿ ಅಲ್ಲಿ ಯೋಗದ ಕಲೆಯ ಪ್ರದರ್ಶನ ನಡೆದಾಗ, ಬೇರೆ ಬೇರೆ ಮ್ಯೂಸಿಯಂಗಳಿಗೆ ಚದುರಿಹೋಗಿದ್ದ, ಒಂದೇ ಗುಡಿಯ ಮೂವರು ಯೋಗಿನಿಯರನ್ನು ಮತ್ತೆ ಒಟ್ಟಿಗೆ ಕೂರಿಸಿದ್ದರು.

2026ರ ಆರಂಭದಲ್ಲಿ ಆ ಮ್ಯೂಸಿಯಂ ಮೂರು ಕಂಚಿನ ವಿಗ್ರಹಗಳನ್ನು ಭಾರತಕ್ಕೆ ಹಿಂದಿರುಗಿಸುವುದಾಗಿ ಪ್ರಕಟಿಸಿತು. ಚೋಳರ ಕಾಲದ ನಟರಾಜ ಮತ್ತು ಸೋಮಾಸ್ಕಂದ, ವಿಜಯನಗರ ಕಾಲದ ಸುಂದರರ್ ಮತ್ತು ಪರವೈ. ನಟರಾಜ ದೀರ್ಘಾವಧಿಯ ಎರವಲಿನ ಮೇಲೆ ಇಲ್ಲೇ ಉಳಿಯುತ್ತಾನೆ, ತನ್ನ ಕಥೆಯನ್ನು ಮುಚ್ಚಿಡದೆ. ಇದು ಗೊತ್ತಾದದ್ದು ಹೇಗೆ? ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1956ರಿಂದ 1959ರ ನಡುವೆ ತಮಿಳುನಾಡಿನ ಗುಡಿಗಳಲ್ಲಿ ತೆಗೆದ ಫೋಟೋಗಳಿಂದ. ನಟರಾಜನದು 1957ರಲ್ಲಿ ತಿರುತ್ತುರೈಪ್ಪೂಂಡಿಯ ಗುಡಿಯಲ್ಲಿ ತೆಗೆದದ್ದು. ಫೋಟೋ ತೆಗೆದವರಿಗೆ ಅದು ಮುಂದೊಂದು ದಿನ ಸಾಕ್ಷಿಯಾಗುತ್ತದೆಂದು ಗೊತ್ತಿದ್ದಿರಲಾರದು. ಊರಿನ ಹೆಸರು, ಗುಡಿಯ ಹೆಸರು, ವರ್ಷ ಬರೆದು ಇಟ್ಟರು. ಅರುವತ್ತು ಎಪ್ಪತ್ತು ವರ್ಷದ ಮೇಲೆ ಒಬ್ಬರು ಕಡತ ಬಿಚ್ಚಿ ಹೋಲಿಸಿ ನೋಡಿದರು.

ಆ ಸುದ್ದಿ ಓದಿದ ರಾತ್ರಿ ನನ್ನ ವೀರಗಲ್ಲು ನೆನಪಾಗಿ ನಿದ್ದೆ ಬರಲಿಲ್ಲ. ಅದರ ಕಡತದಲ್ಲಿ ಮೇಷ್ಟ್ರ ಐದು ಸಾಲುಗಳಿವೆ. ಸೊರಬದ ಕಡೆಯ ಯಾವುದೋ ಹಳ್ಳಿಯ ಹಳೆಯ ಫೋಟೋದಲ್ಲಿ, ಕೆರೆ ಏರಿಯ ಮೇಲೆ, ಆ ಕಲ್ಲು ನಿಂತಿರಬಹುದು. ಎರಡನ್ನೂ ಒಬ್ಬರು ಒಟ್ಟಿಗೆ ನೋಡುವ ದಿನ ಬರಬಹುದು. ಬರದೆಯೂ ಇರಬಹುದು.

ಈಗ ನನ್ನ ಪಾಲಿಗೆ ಉಳಿದಿರುವ ಪ್ರಕಟಣೆ ಸಂಘದ ಸ್ಮರಣ ಸಂಚಿಕೆ. ಲೇಖಕರ ಪರಿಚಯಗಳ ಕರಡು ನೋಡುವುದು ನನ್ನ ಕೆಲಸ. ಎಲ್ಲರೂ ಮೂಲತಃ ಬೆಂಗಳೂರಿನವರು ಎಂದು ಬರೆದು ಕಳಿಸುತ್ತಾರೆ. ನಾನು ಫೋನ್ ಮಾಡಿ ಕೇಳುತ್ತೇನೆ: "ನಿಮ್ಮ ಅಜ್ಜನ ಊರು ಯಾವುದು? ತಾಲ್ಲೂಕು?" ಯುಗಾದಿಯಂದು ಸಿಕ್ಕ ಆ ಹುಡುಗಿ ಒಂದು ಕವಿತೆ ಕೊಟ್ಟಿದ್ದಳು. ಅವಳಿಗೂ ಫೋನ್ ಮಾಡಿದೆ.

"ಅಯ್ಯೋ ಆಂಟಿ, ಯಾವುದೋ ಸಣ್ಣ ಹಳ್ಳಿ. ಯಾರು ಓದ್ತಾರೆ ಅದನ್ನ?"

"ಗೊತ್ತಿಲ್ಲಮ್ಮ. ನೀನು ಹೇಳು, ನಾನು ಬರ್ಕೋತೀನಿ."

ಹೇಳಿದಳು. ಊರಿನ ಹೆಸರಿನಲ್ಲಿ ಇರುವುದು ಳ ಅಥವಾ ಲ ಎಂದು ಎರಡು ಸಲ ಕೇಳಿ ಬರೆದುಕೊಂಡೆ.