ಓಟಕ್ಕೂ ಬೇಕು ಒಂದು ರಜೆ

ವೈಟ್‌ಫೀಲ್ಡ್ ಪಕ್ಕದ ನಮ್ಮ ಕಾಡುಗೋಡಿಯಲ್ಲಿ ಬೆಳಗಿನ ಐದೂವರೆಗೇ ಓಡುವವರ ಷೂ ಸದ್ದು ಕೇಳಿಸುತ್ತದೆ. ನೀರಿನ ಟ್ಯಾಂಕರು, ಕಂಪನಿ ಬಸ್ಸುಗಳು ರಸ್ತೆಗಿಳಿಯುವ ಮೊದಲೇ ಅವರು ಓಟ ಮುಗಿಸಬೇಕು. 2008ರಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ಶುರುವಾಯಿತಲ್ಲ, ಈಗ ಮನೆಗೊಬ್ಬರು ಓಟಗಾರರು ಎನ್ನುವಂತಾಗಿದೆ. ನಮ್ಮ ಮನೆಯಲ್ಲಿ ಸೊಸೆ.

ಅವಳ ಕೈಗಡಿಯಾರ ಎಷ್ಟು ದಿನ ಬಿಡದೆ ಓಡಿದಳೆಂದು ಎಣಿಸುತ್ತದೆ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. "ಒಂದು ದಿನ ಸುಧಾರಿಸಿಕೊಳ್ಳಮ್ಮ" ಎಂದರೆ, "ಐವತ್ತು ದಿನ ಆಗಲಿ ಮಾವ" ಎನ್ನುತ್ತಿದ್ದಳು. ನಲವತ್ತೊಂದನೆಯ ದಿನ ಕಾಲೂರಲಾಗಲಿಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಹೀಗೇ ಓಡಿದ್ದರೆ ಮೂಳೆಯೇ ಮುರಿಯಬಹುದಿತ್ತೆಂದು ವೈದ್ಯರು ಎಂಟು ವಾರ ಓಟ ನಿಲ್ಲಿಸಿದರು.

"ತಾತ, ಅಮ್ಮ ಸೋಮಾರಿ ಆಗಿಬಿಟ್ಟಳಾ?" ಎಂದಳು ಮೊಮ್ಮಗಳು. ನಮ್ಮ ಹಳ್ಳಿಯ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ವಾರ ಎಂದೆ. ಎತ್ತು ಸೋಮಾರಿಯೇ? ಕಾರ್ಖಾನೆಯ ಕಾರ್ಮಿಕರಿಗೂ 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆ ಕೊಟ್ಟಿತು.

ಓಡುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅವು ಮಾಗಿ ಸ್ನಾಯು ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ದೀರ್ಘ ಓಟದಲ್ಲಿ ಖರ್ಚಾದರೆ, ಅನ್ನ, ಮುದ್ದೆ ಚೆನ್ನಾಗಿ ಉಂಡರೂ ಮತ್ತೆ ತುಂಬಲು ಸುಮಾರು 24 ಗಂಟೆ ಬೇಕು. ಮೂಳೆಯದು ಇನ್ನೂ ನಿಧಾನ. ದೇಹ ಅದರ ಹಳೆಯ ಭಾಗವನ್ನು ಬೇಗ ತೆಗೆಯುತ್ತದೆ, ಹೊಸದನ್ನು ಕಟ್ಟಲು ತಿಂಗಳುಗಳೇ ಹಿಡಿಯುತ್ತವೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ಸುಲಭವಾಗಿ ಅರ್ಥವಾಯಿತು: ಜಮೆ ಇಲ್ಲದೆ ಬರೀ ಖರ್ಚು ಬಿದ್ದರೆ ಯಾವ ಖಾತೆಯೂ ಉಳಿಯದು.

ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್‌ಮನ್ ತಮ್ಮ ಓಟಗಾರರಿಗೆ ಒಂದು ದಿನ ಕಠಿಣ ಅಭ್ಯಾಸ ಕೊಟ್ಟರೆ ಮರುದಿನ ಹಗುರವಾದುದನ್ನೇ ಕೊಡುತ್ತಿದ್ದರು.

ಮಕ್ಕಳೇ, ಶಾಲೆಯ ಕ್ರೀಡಾಕೂಟಕ್ಕೆ ಓಡುತ್ತಿದ್ದರೆ ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ. ಬೆಳೆಯುವ ವಯಸ್ಸಿನಲ್ಲಿ ನಿಮ್ಮ ಮೂಳೆಯ ತುದಿಗಳು ಇನ್ನೂ ಎಳಸು. ಆ ದಿನ ಸುಮ್ಮನೆ ನಡೆಯಿರಿ, ಹೊಟ್ಟೆ ತುಂಬ ಉಣ್ಣಿ, ಬೇಗ ಮಲಗಿ. ಒಂದೇ ಜಾಗದಲ್ಲಿ ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ.

ಸೊಸೆ ಈಗ ಮತ್ತೆ ಓಡುತ್ತಾಳೆ, ವಾರಕ್ಕೆ ನಾಲ್ಕೇ ದಿನ. ಸೋಮವಾರ ಮಾತ್ರ ಷೂ ಮುಟ್ಟುವುದಿಲ್ಲ.