ಟೈಪಿಂಗ್ ಎರರ್

ನಮ್ಮ ಸೈಟಿನ ಗೇಟ್ ಹತ್ರ ಒಂದು ಹಸಿರು ಬೋರ್ಡ್ ಇತ್ತು. ಮೇಲೆ 'ಅಪಘಾತವಿಲ್ಲದ ದಿನಗಳು' ಅಂತ ಬರಹ, ಕೆಳಗೆ ಮೂರು ಕೊಕ್ಕೆ, ಕೊಕ್ಕೆಗೆ ನೇತುಹಾಕೋ ತಗಡಿನ ಅಂಕಿಗಳು. ದಿನಾ ಬೆಳಿಗ್ಗೆ ಸೆಕ್ಯುರಿಟಿಯವನು ಕೊನೆಯ ಅಂಕಿ ಬದಲಾಯಿಸ್ತಿದ್ದ. ಅಂಕಿ ಎಷ್ಟು ಅಂತ ಅವನಿಗೆ ಹೇಳೋನು ನಾನು. ನನಗೆ ಹೇಳೋದು ಕಂಪ್ಯೂಟರು. ಕಂಪ್ಯೂಟರಿಗೆ ಹೇಳೋದು ಮತ್ತೆ ನಾನೇ!

ಡಿಗ್ರಿ ಮುಗಿಸಿ, ಎಲ್ಲೂ ಕೆಲಸ ಸಿಗದೆ, ವೈಟ್‌ಫೀಲ್ಡ್ ಕಡೆ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೇಫ್ಟಿ ಸೆಕ್ಷನ್ನಿಗೆ ಸೇರಿಕೊಂಡಿದ್ದೆ. ಹೆಲ್ಮೆಟ್ ಹಾಕಿಕೊಂಡು ಸ್ಲ್ಯಾಬ್ ಮೇಲೆ ಓಡಾಡೋದು ಅಂದುಕೊಂಡಿದ್ದೆ. ಸಿಕ್ಕಿದ್ದು ಕಂಟೇನರ್ ಆಫೀಸಿನ ಮೂಲೆಯ ಕುರ್ಚಿ. ಸೈಟಿನಲ್ಲಿ ಯಾರಿಗೆ ಏನಾದರೂ ಆದರೆ ಸಾಫ್ಟ್‌ವೇರಿನಲ್ಲಿ ಫಾರ್ಮ್ ತುಂಬೋದು, ಆಮೇಲೆ ಅದನ್ನು ಅಪ್‌ಡೇಟ್ ಮಾಡೋದು. ಅಷ್ಟೇ.

ಆ ಫಾರ್ಮ್ ಬಗ್ಗೆ ಸ್ವಲ್ಪ ಹೇಳಬೇಕು. ಘಟನೆ ನಡೆದ ಹೊತ್ತು, ಗೇಟ್ ಪಾಸ್ ನಂಬರು, ಕಾಂಟ್ರಾಕ್ಟರು, ಮೈಯ ಯಾವ ಭಾಗ, ಎಲ್ಲಾ ಪಟ್ಟಿಯಿಂದ ಆರಿಸಬೇಕು. 'ಕಾರಣ' ಅನ್ನೋ ಕಡೆ ಎರಡೇ ಆಯ್ಕೆ. ಒಂದು 'ಅನ್‌ಸೇಫ್ ಆಕ್ಟ್', ಅಂದರೆ ತಪ್ಪು ಕೆಲಸಗಾರನದು. ಇನ್ನೊಂದು 'ಅನ್‌ಸೇಫ್ ಕಂಡಿಷನ್', ಅಂದರೆ ಜಾಗವೇ ಸರಿಯಿರಲಿಲ್ಲ. ಎರಡನೆಯದು ಒತ್ತಿದರೆ ಕೆಳಗೆ ಇನ್ನೂ ನಾಲ್ಕು ಖಾನೆ ತೆರೆದುಕೊಳ್ಳುತ್ತೆ. ಏನು ಸರಿ ಮಾಡ್ತೀರಿ, ಯಾರು ಮಾಡ್ತಾರೆ, ಯಾವತ್ತಿನೊಳಗೆ, ಮಾಡಿದ್ದಕ್ಕೆ ಫೋಟೋ ಎಲ್ಲಿ? ಮೊದಲನೆಯದು ಒತ್ತಿದರೆ ಏನೂ ಕೇಳಲ್ಲ. ಹೀಗಾಗಿ ನಮ್ಮ ಸೈಟಿನಲ್ಲಿ ಏಳೋದು ಬೀಳೋದು ಎಲ್ಲಾ ಕೆಲಸಗಾರರ ತಪ್ಪಿನಿಂದಲೇ ಆಗ್ತಿತ್ತು. ಮೋಸ ಮಾಡಬೇಕು ಅಂತ ಯಾರೂ ಕೂತಿರಲಿಲ್ಲ, ಸಂಜೆ ಆರಕ್ಕೆ ಬಸ್ಸಿತ್ತು, ನಾಲ್ಕು ಖಾನೆ ಜಾಸ್ತಿ ಇತ್ತು.

'ಸಾವು' ಅಂತ ಆರಿಸಿದರೆ ಕಳೆದುಹೋದ ದಿನಗಳ ಜಾಗದಲ್ಲಿ ತಾನಾಗೇ 6000 ಬಂದು ಕೂರುತ್ತೆ. ಮೊದಲ ಸಲ ನೋಡಿದಾಗ ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡೆ. ಅಲ್ಲವಂತೆ, ಐಎಸ್ 3786 ಅನ್ನೋ ಭಾರತೀಯ ಮಾನಕದ ಲೆಕ್ಕವೇ ಅದು. ಒಂದು ಜೀವ ಅಂದರೆ 6000 ದಿನದ ದುಡಿಮೆ. ವರ್ಷಕ್ಕೆ ಮುನ್ನೂರು ದಿನ ಅಂದರೂ ಇಪ್ಪತ್ತು ವರ್ಷ. ನಾನಿದ್ದಷ್ಟು ದಿನ ಅದನ್ನ ಒತ್ತೋ ಸಂದರ್ಭ ಬರಲಿಲ್ಲ, ಪುಣ್ಯ.

ಬಂದದ್ದು ಬೇರೆ. ಒಂದು ಸಂಜೆ ಸ್ಟೇಜಿಂಗ್ ಮೇಲಿನ ಹಲಗೆ ಜಾರಿ ಯಾದಗಿರಿ ಕಡೆಯ ಒಬ್ಬ ಬಾರ್ ಬೆಂಡರ್ ಎಂಟಡಿ ಕೆಳಗೆ ಬಿದ್ದ. ಹುಡುಗನೇ, ಇಪ್ಪತ್ನಾಲ್ಕೋ ಇಪ್ಪತ್ತೈದೋ. ಬಲಗೈ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು. ನಾನು ಇದ್ದದ್ದು ಇದ್ದ ಹಾಗೆ ತುಂಬಿದೆ: ಕೆಲಸದ ದಿನ ಕಳೆದ ಗಾಯ, 42 ದಿನ. ಗೇಟಿನ ಬೋರ್ಡು 187 ಇದ್ದದ್ದು ಸೊನ್ನೆಗೆ ಬಂತು.

ಮರುದಿನ ಬೆಳಿಗ್ಗೆ ದೊಡ್ಡವರು ಕರೆದರು. ಮುಂದಿನ ವಾರ ಆಡಿಟ್ ಇತ್ತು. 'ಆ ಹುಡುಗ ಎಲ್ಲಿದಾನೆ ನೋಡಿ' ಅಂದರು. ಸ್ಟೋರ್ ಮುಂದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಪ್ಲಾಸ್ಟರ್ ಕೈ ಇಟ್ಟುಕೊಂಡು ಕೂತಿದ್ದ. ಜೀಪ್ ಕಳಿಸಿ ಕರೆಸಿದ್ದರು. 'ಹಾಜರಿ ಇದೆ. ಡ್ಯೂಟಿ ಮೇಲಿದಾನೆ. ಒಂದು ದಿನಾನೂ ಕಳೆದಿಲ್ಲ ಅಲ್ವಾ? ಅಪ್‌ಡೇಟ್ ಮಾಡ್ಬಿಡಿ.'

ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಪ್ರಕಾರ, ಬಿದ್ದವನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಆ ಕುರ್ಚಿ ಹಾಕಿದ್ದು ಆ 48 ಗಂಟೆಗಾಗಿ. ನಂಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಈಗ ಬರೆದರೆ ಅದು ಇನ್ನೊಂದು ಸುಳ್ಳು.

ಫಾರ್ಮ್ ತೆಗೆದೆ. ಗಾಯದ ವರ್ಗ: ಪ್ರಥಮ ಚಿಕಿತ್ಸೆ. ಕಳೆದ ದಿನ: 0. ಸೇವ್ ಒತ್ತಿದರೆ ಒಂದು ಪುಟ್ಟ ಕಿಟಕಿ ಬಂತು, ಬದಲಾವಣೆಗೆ ಕಾರಣ ಬರೀರಿ ಅಂತ. ಕೆಂಪು ಚುಕ್ಕಿ ಬೇರೆ, ಖಾಲಿ ಬಿಡೋ ಹಾಗಿಲ್ಲ. ಒಂದು ನಿಮಿಷ ಸುಮ್ಮನೆ ಕೂತೆ. ಆಮೇಲೆ 'ಟೈಪಿಂಗ್ ಎರರ್' ಅಂತ ಹೊಡೆದೆ. ಹಸಿರು ಟಿಕ್ ಮೂಡಿತು. ಸೆಕ್ಯುರಿಟಿಯವನಿಗೆ 188 ಅಂದೆ. ಅವನು ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ, ಅಂಕಿ ತಗುಲಿಸಿದ.

ಆ ಹುಡುಗ ಎರಡು ವಾರ ಕುರ್ಚಿ ಮೇಲೆ ಕೂತು ಊರಿಗೆ ಹೋದ. ಆಡಿಟ್ ಚೆನ್ನಾಗಿ ಆಯಿತು. ಲಡ್ಡು ಹಂಚಿದರು.

ವರ್ಷದ ಮೇಲೆ ನಾಲ್ಕು ತಿಂಗಳಿಗೆ ಅವನು ಗೇಟ್ ಹತ್ರ ಬಂದು ನಿಂತಿದ್ದ. 'ಕೈ ತಿರಗವಲ್ದ್ರೀ ಸರ' ಅಂದ. ಬಾರ್ ಬೆಂಡಿಂಗ್ ನೋಡಿದವರಿಗೆ ಗೊತ್ತು, ಕೊಕ್ಕೆಗೆ ಬೈಂಡಿಂಗ್ ತಂತಿ ಸಿಕ್ಕಿಸಿ ಮಣಿಕಟ್ಟಲ್ಲೇ ತಿರುಗಿಸಿ ಗಂಟು ಹಾಕಬೇಕು, ದಿನಕ್ಕೆ ಸಾವಿರಗಟ್ಟಲೆ. ಮಣಿಕಟ್ಟು ತಿರುಗದವನಿಗೆ ಆ ಕೆಲಸ ಇಲ್ಲ. ಊರಲ್ಲಿ ಯಾರೋ ವಕೀಲರು ಹೇಳಿದ್ದರಂತೆ, 1923ರ ಪರಿಹಾರ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು, ಸೈಟಲ್ಲಿ ಬಿದ್ದದ್ದಕ್ಕೆ ಕಾಗದ ತಗೊಂಡು ಬಾ ಅಂತ. 'ಕಂಪ್ಯೂಟರ್‌ನ್ಯಾಗ ಬರಕೊಂಡಿದ್ರಲ್ರೀ, ಅದ್ರ ಒಂದು ಪ್ರಿಂಟ್ ಕೊಡ್ರಿ.'

ಒಳಗೆ ಹೋಗಿ ತೆಗೆದೆ. ಪ್ರಥಮ ಚಿಕಿತ್ಸೆ, ಸೊನ್ನೆ ದಿನ, ತಪ್ಪು ಕೆಲಸಗಾರನದು. ಇದನ್ನು ಪ್ರಿಂಟ್ ಹೊಡೆದು ಕೊಟ್ಟರೆ ಅವನ ಕೇಸನ್ನು ನಾನೇ ಮುಗಿಸಿದ ಹಾಗೆ. ತಿದ್ದೋಣ ಅಂದರೆ ಮೂರು ದಿನ ಆದಮೇಲೆ ದಾಖಲೆಗೆ ಬೀಗ ಬೀಳುತ್ತೆ. ಬೂದು ಬಣ್ಣದ ಖಾನೆಗಳು, ಮೌಸ್ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ಮೂಲೆಯಲ್ಲಿ 'ಹಿಸ್ಟರಿ' ಅಂತ ಒಂದು ಬಟನ್ ಇತ್ತು. ಅಷ್ಟು ದಿನದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಒತ್ತಿದೆ. ಹಳೆಯ ಮೌಲ್ಯ 42, ಹೊಸ ಮೌಲ್ಯ 0. ಹಳೆಯ ವರ್ಗ, ಹೊಸ ವರ್ಗ. ತಾರೀಖು, ಬೆಳಿಗ್ಗೆ 10:20. ಬದಲಾಯಿಸಿದವರು: ನನ್ನ ಐಡಿ. ಕಾರಣ: ಟೈಪಿಂಗ್ ಎರರ್. ದೊಡ್ಡವರ ಹೆಸರು ಎಲ್ಲೂ ಇಲ್ಲ. ಇರೋದು ಹೇಗೆ, ಬೆರಳು ನನ್ನದಲ್ಲವಾ?

ಎರಡೂ ಪುಟ ಪ್ರಿಂಟ್ ಹೊಡೆದೆ. ಸೀಲ್ ಹಾಕೋ ಅಧಿಕಾರ ನನಗಿರಲಿಲ್ಲ, ಹಾಕಿಸೋಕೆ ಹೋದರೆ ಕಾಗದವೇ ಹೊರಗೆ ಬರ್ತಿರಲಿಲ್ಲ. ಹಿಸ್ಟರಿ ಪುಟದ ಕೆಳಗೆ ನನ್ನ ಹೆಸರು, ಮೊಬೈಲ್ ನಂಬರು ಬರೆದು ಗೇಟ್ ಹತ್ರ ಕೊಟ್ಟೆ. ಎಡಗೈಯಲ್ಲಿ ಇಸ್ಕೊಂಡ. ಇಂಗ್ಲಿಷ್ ಓದೋಕೆ ಬರಲ್ಲ ಅವನಿಗೆ. 'ಛಲೋ ಆತ್ರೀ ಸರ, ನಿಮ್ಮಿಂದ ಉಪಕಾರ ಆತು' ಅಂದ. ಆ ಮಾತು ಕೇಳಿಸಿಕೊಂಡು ನಿಂತಿರೋದು ಕಷ್ಟವಾಯಿತು.

ಹದಿನೈದು ದಿನ ಆದಮೇಲೆ ವಕೀಲರ ಫೋನು. 'ಇಲ್ಲಿ ಟೈಪಿಂಗ್ ಎರರ್ ಅಂತ ಇದೆಯಲ್ಲ, ಯಾವುದು ಎರರ್? 42 ಆ, ಸೊನ್ನೆ ಆ?'

ಸೊನ್ನೆ, ಅಂದೆ.

'ಇದನ್ನ ಬಂದು ಹೇಳ್ತೀರಾ?'

ಯಾವ ತಾರೀಖು ಅಂತ ಕೇಳಿದೆ.