ದೆಹಲಿಯ ಹಾಜರಿ ಪುಸ್ತಕ

ಬೇಲೂರಿಗೋ ಬಾದಾಮಿಗೋ ಹೋಗಿ ಬಂದವರೆಲ್ಲ ಒಂದು ನೀಲಿ ಫಲಕವನ್ನು ನೋಡಿಯೇ ಇರುತ್ತೀರಿ. ಹಳೆಯ ಗುಡಿಯ ಪಕ್ಕದಲ್ಲಿ, ನೀಲಿಯ ಮೇಲೆ ಬಿಳಿ ಅಕ್ಷರಗಳಲ್ಲಿ ಏನೋ ಬರೆದು ನಿಲ್ಲಿಸಿರುತ್ತಾರೆ. ಮಕ್ಕಳು ಅದರ ಕಂಬ ಹಿಡಿದು ಗಿರಗಿರನೆ ತಿರುಗುತ್ತಾರೆ. ದೊಡ್ಡವರು ಅದರ ನೆರಳಿನಲ್ಲಿ ಚಪ್ಪಲಿ ಬಿಡುತ್ತಾರೆ. ಓದುವವರು ಮಾತ್ರ ಕಡಿಮೆ. ‘ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಇದನ್ನು ಕೆಡಿಸಿದರೆ ಶಿಕ್ಷೆ’ ಎಂಬುದು ಅದರ ಸಾರ.

ನಮ್ಮ ದೇಶದ ರಾಜಧಾನಿಯಲ್ಲಿ ಈ ಫಲಕ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು ದೆಹಲಿ ಒಂದರಲ್ಲೇ ಸುಮಾರು 170 ಇವೆ. ಕುತುಬ್ ಮಿನಾರ್, ಕೆಂಪುಕೋಟೆ ಎಲ್ಲರಿಗೂ ಗೊತ್ತು. ಉಳಿದವು ತರಕಾರಿ ಮಾರುಕಟ್ಟೆಯ ಹಿಂದೆ, ಬಸ್ ನಿಲ್ದಾಣದ ಪಕ್ಕ, ಯಾರದೋ ಮನೆಯ ಹಿತ್ತಲಿಗೆ ಬೆನ್ನು ಕೊಟ್ಟು ಸುಮ್ಮನೆ ನಿಂತಿರುತ್ತವೆ. ಈ ಚಳಿಗಾಲದಲ್ಲಿ ಮಗಳ ಮನೆಗೆ ಹೋಗಿದ್ದಾಗ, ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿಯನ್ನು ಜೊತೆ ಮಾಡಿಕೊಂಡು ಇಂಥ ಕೆಲವನ್ನು ನೋಡಿ ಬಂದೆ. ಫಲಕ ಓದುವ ಕೆಲಸ ಅವಳದು, ಆಟೊದವನ ಜೊತೆ ಬಾಡಿಗೆ ಚೌಕಾಸಿ ಮಾಡುವುದು ನನ್ನದು.

ಮೊದಲ ದಿನ ಹುಮಾಯೂನ್ ಸಮಾಧಿ. 1560ರ ದಶಕದಲ್ಲಿ, ಅಕ್ಬರನ ಕಾಲದಲ್ಲಿ, ಹುಮಾಯೂನನ ಹೆಂಡತಿ ಬೇಗಾ ಬೇಗಂ ಕಟ್ಟಿಸಿದ್ದು. ಕೆಂಪು ಕಲ್ಲು, ಬಿಳಿ ಅಮೃತಶಿಲೆಯ ಗುಮ್ಮಟ, ನಾಲ್ಕು ಭಾಗವಾಗಿ ಹಂಚಿದ ತೋಟ, ತೆಳ್ಳಗೆ ಹರಿಯುವ ನೀರಿನ ಕಾಲುವೆ. ನೋಡಿದರೆ ಯಾವಾಗಲೂ ಹೀಗೇ ಇತ್ತೇನೋ ಅನ್ನಿಸುತ್ತದೆ. ಆದರೆ ಈ ತೋಟದಲ್ಲಿ ಒಂದು ಕಾಲಕ್ಕೆ ಕೋಸು, ತಂಬಾಕು ಬೆಳೆಯುತ್ತಿದ್ದರು. 1857ರಲ್ಲಿ ಕೊನೆಯ ಮೊಘಲ್ ದೊರೆ ಬಹಾದೂರ್ ಶಾ ಜಫರ್ ಇಲ್ಲಿ ಅಡಗಿದ್ದು ಬ್ರಿಟಿಷರ ಕೈಗೆ ಸಿಕ್ಕಿದ. 1947ರಲ್ಲಿ ದೇಶ ಇಬ್ಭಾಗವಾದಾಗ ಮನೆಮಠ ಕಳೆದುಕೊಂಡ ಸಾವಿರಾರು ಜನ ಇಲ್ಲಿ, ಮತ್ತು ಹತ್ತಿರದ ಹಳೇಕೋಟೆಯಲ್ಲಿ, ಡೇರೆ ಹಾಕಿಕೊಂಡಿದ್ದರು. ಗೋಡೆಗೆ ಮಸಿ ಹಿಡಿಯಿತು, ತೋಟ ಹಾಳಾಯಿತು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಅಷ್ಟು ಜನರ ತಲೆಯ ಮೇಲೆ ಸೂರಾಯಿತಲ್ಲ, ಅದನ್ನೂ ಬರೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಸಮಾಧಿಯ ಹೊರಗೆ, ಮಥುರಾ ರಸ್ತೆಯ ವೃತ್ತದ ನಟ್ಟನಡುವೆ ಇನ್ನೊಂದು ಚಿಕ್ಕ ಕಟ್ಟಡವಿದೆ. ಹೆಸರು ಸಬ್ಜ್ ಬುರ್ಜ್. ಸಬ್ಜ್ ಅಂದರೆ ಹಸಿರು, ಗುಮ್ಮಟದ ಹಂಚುಗಳು ಮಾತ್ರ ನೀಲಿ! ಬ್ರಿಟಿಷರ ಕಾಲದಲ್ಲಿ ಇದರೊಳಗೆ ಪೊಲೀಸ್ ಠಾಣೆ ಇತ್ತು. ಇದನ್ನು ಕೇಳಿ ಪುಟ್ಟಿಗೆ ನಗುವೋ ನಗು. “ಅಜ್ಜ, ಸಮಾಧಿಯೊಳಗೆ ಕಳ್ಳರನ್ನು ಕೂರಿಸುತ್ತಿದ್ದರಾ?”

“ಹಾಗಾದರೆ ಇದನ್ನೆಲ್ಲ ಕಾಪಾಡಬೇಕು ಅಂತ ಯಾರಿಗೆ ಹೊಳೆಯಿತು?” ಎಂದು ಕೇಳಿದಳು. ಪ್ರಶ್ನೆ ಒಳ್ಳೆಯದು. ಬ್ರಿಟಿಷರು ಈ ದೇಶದ ಹಳೆಯ ಕಟ್ಟಡಗಳನ್ನು ಒಡೆದದ್ದೂ ಉಂಟು, ಉಳಿಸಿದ್ದೂ ಉಂಟು. 1857ರ ನಂತರ ಕೆಂಪುಕೋಟೆಯೊಳಗಿನ ಎಷ್ಟೋ ಅರಮನೆಗಳನ್ನು ಕೆಡವಿ ಸೈನಿಕರಿಗೆ ಬ್ಯಾರಕ್ ಕಟ್ಟಿದರು. ವೈಸ್‌ರಾಯ್ ಲಾರ್ಡ್ ಕರ್ಜನ್ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆಂದೇ ಒಂದು ಕಾಯ್ದೆ ಬಂತು. ಬಂಗಾಳವನ್ನು ಒಡೆದವನೂ ಅದೇ ಕರ್ಜನ್.

1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆ ಎಂದು ಘೋಷಣೆಯಾಯಿತು. ಹೊಸ ನಗರಕ್ಕೆ ರಸ್ತೆ ಬೇಕು, ಬಂಗಲೆ ಬೇಕು, ಜಾಗ ಬೇಕು. ಹಳೆಯದರಲ್ಲಿ ಯಾವುದನ್ನು ಬಿಡುವುದು, ಯಾವುದನ್ನು ಕೆಡವುವುದು? ಆಗ ಮೌಲ್ವಿ ಜಫರ್ ಹಸನ್ ಎಂಬ ಪುರಾತತ್ವ ಅಧಿಕಾರಿ ದೆಹಲಿಯ ಗುಡಿ, ಮಸೀದಿ, ಸಮಾಧಿ, ಬಾವಿ, ಬಾಗಿಲುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಸಾವಿರಕ್ಕೂ ಹೆಚ್ಚು ಕಟ್ಟಡಗಳ ಆ ಪಟ್ಟಿ 1916ರಿಂದ 1922ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚಾಯಿತು. ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು, ನನಗೆ ಇದು ಹಾಜರಿ ಪುಸ್ತಕದಂತೆಯೇ ಕಾಣುತ್ತದೆ. ಹೆಸರು ಬರೆದಿದ್ದರೆ ಹುಡುಗ ಬರದ ದಿನ ‘ಯಾಕೆ ಬರಲಿಲ್ಲ?’ ಎಂದು ಕೇಳುತ್ತೇವೆ. ಹೆಸರೇ ಇಲ್ಲದ ಹುಡುಗ ಕಾಣೆಯಾದರೆ ಕೇಳುವವರು ಯಾರು?

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನದ 49ನೇ ವಿಧಿಯಲ್ಲಿ ಸ್ಮಾರಕಗಳನ್ನು ರಕ್ಷಿಸುವುದು ಸರ್ಕಾರದ ಹೊಣೆ ಎಂದು ಬರೆದರು. 1958ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ನೀಲಿ ಫಲಕಗಳ ಹಿಂದಿರುವುದು ಅದೇ. ದೆಹಲಿಗೂ ಅದೇ, ನಮ್ಮ ಹಳೇಬೀಡಿಗೂ ಅದೇ. ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ವಯಸ್ಸಾಗಿರಬೇಕು ಎಂಬುದು ಅದರ ನಿಯಮ. ಗೋಡೆಯ ಮೇಲೆ ಹೆಸರು ಕೆತ್ತುವ ವೀರರಿಗೆ ಮೊದಲು ಮೂರು ತಿಂಗಳ ಜೈಲು ಇಲ್ಲವೇ ಐದು ಸಾವಿರ ರೂಪಾಯಿ ದಂಡವಿತ್ತು. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ, ಒಂದು ಲಕ್ಷದವರೆಗೆ ಏರಿತು. ಶಾಲಾ ಪ್ರವಾಸಕ್ಕೆ ಹೊರಟವರು ಈ ಲೆಕ್ಕ ನೆನಪಿಟ್ಟುಕೊಳ್ಳಿ.

2010ರ ಆ ತಿದ್ದುಪಡಿ ಇನ್ನೊಂದು ದೊಡ್ಡ ಕೆಲಸ ಮಾಡಿತು. ಸಂರಕ್ಷಿತ ಜಾಗದ ಗಡಿಯಿಂದ ಸುತ್ತಲೂ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಬಹುದು, ಆದರೆ ಅನುಮತಿ ಬೇಕು. ಇಲ್ಲದಿದ್ದರೆ ಗುಮ್ಮಟ ಇರುತ್ತದೆ, ಸುತ್ತ ಹತ್ತು ಮಹಡಿಯ ಕಟ್ಟಡಗಳೆದ್ದು ಬಾವಿಯೊಳಗಿನ ಕೊಡದಂತೆ ಕಾಣುತ್ತದೆ.

ನೂರು ಮೀಟರ್ ಅಂದರೆ ಎಷ್ಟು? ಆವರಣದ ಗೋಡೆಯ ಬುಡದಿಂದ ಪುಟ್ಟಿ ಹೆಜ್ಜೆ ಎಣಿಸುತ್ತಾ ಹೊರಟಳು. ಅವಳ ಲೆಕ್ಕದಲ್ಲಿ 168 ಹೆಜ್ಜೆ. ನಿಂತಲ್ಲಿ ಒಂದು ಚಹಾದ ಗಾಡಿ. ಶುಂಠಿ ಚಹಾ ಕುಡಿಯುತ್ತಾ, ನಾವೇನು ಅಳೆಯುತ್ತಿದ್ದೇವೆ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ಚಹಾದವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಅವರ ಮನೆ ಇಂಥದೇ ಇನ್ನೊಂದು ಸ್ಮಾರಕದ ನೂರು ಮೀಟರ್ ಒಳಗಿದೆಯಂತೆ. ಅಪ್ಪನ ಕಾಲದ ಮನೆ. ಮಗನಿಗೆ ಮದುವೆಯಾಯಿತು, ಮೇಲೊಂದು ಕೋಣೆ ಹಾಕಿಸಿಕೊಳ್ಳೋಣವೆಂದರೆ ಆಗುವುದಿಲ್ಲ. ಮಾಳಿಗೆ ಸೋರಿದರೆ ರಿಪೇರಿ ಮಾಡಿಸಬಹುದು, ಅದಕ್ಕೂ ಅನುಮತಿ ತರಬೇಕು. “ರಾಜ ಮಲಗಿದ್ದಾನೆ, ನಾವು ಸದ್ದು ಮಾಡಬಾರದು” ಎಂದು ನಕ್ಕರು. ಸಿಟ್ಟಿನ ನಗುವಲ್ಲ, ಸಂತೋಷದ್ದೂ ಅಲ್ಲ.

ಇಂಥ ಮಾತು ನಮಗೂ ಹೊಸದಲ್ಲ. ಐಹೊಳೆಯಲ್ಲಿ ಲಾಡ್ ಖಾನ್ ಗುಡಿ ಇದೆಯಲ್ಲ, ಚಾಲುಕ್ಯರ ಗುಡಿಗೆ ಆ ಹೆಸರು ಹೇಗೆ ಬಂತು? ಅದರಲ್ಲಿ ವಾಸವಾಗಿದ್ದ ಲಾಡ್ ಖಾನ್ ಎಂಬಾತನಿಂದ. ಗುಡಿಯೇ ಮನೆಯಾಗಿತ್ತು. ಜನ ಅಲ್ಲಿ ಬಾಳಿದರು, ಒಲೆ ಹಚ್ಚಿದರು, ಗುಡಿ ಉಳಿಯಿತು. ಹಾಗಾಗಿ ಒಳಗಿದ್ದವರೆಲ್ಲ ಕೆಡಿಸುವವರು ಎನ್ನಲಾರೆ. ಎಲ್ಲರೂ ಕಾಪಾಡುವವರು ಎಂದೂ ಹೇಳಲಾರೆ.

ಮರುದಿನ ನೋಡಿದ ಕಟ್ಟಡದ ಕಥೆ ಇದಕ್ಕೆ ಸಾಕ್ಷಿ. ಡಿಫೆನ್ಸ್ ಕಾಲೊನಿ ಎಂಬ ಸಿರಿವಂತರ ಬಡಾವಣೆಯಲ್ಲಿ ಶೇಖ್ ಅಲಿಯ ಗುಮ್ಟಿ ಇದೆ. ಗುಮ್ಟಿ ಅಂದರೆ ಪುಟ್ಟ ಗುಮ್ಮಟದ ಸಮಾಧಿ. ಲೋದಿ ಸುಲ್ತಾನರ ಕಾಲದ್ದು, ಅಂದರೆ ಹುಮಾಯೂನ್ ಸಮಾಧಿಗಿಂತಲೂ ಹಳೆಯದು. 1960ರ ದಶಕದಿಂದ ಇದು ಅಲ್ಲಿನ ನಿವಾಸಿಗಳ ಸಂಘದ ಕಚೇರಿಯಾಗಿತ್ತು. ಒಳಗೆ ಫ್ಯಾನು, ಮೇಜು ಕುರ್ಚಿ, ಗುಮ್ಮಟದ ಹೊಟ್ಟೆ ಕಾಣದಂತೆ ಕೃತಕ ಛಾವಣಿ! ಪುರಾತತ್ವ ಇಲಾಖೆ ಇದನ್ನು ಸಂರಕ್ಷಿತ ಪಟ್ಟಿಗೆ ಸೇರಿಸಲು ಹೊರಟು, ಆಮೇಲೆ ಕೈಬಿಟ್ಟಿತು. ಸಂರಕ್ಷಿತ ಪಟ್ಟಿಯಲ್ಲಿ ಹೆಸರಿರಲಿಲ್ಲ, ಹಾಗಾಗಿ ನೀಲಿ ಫಲಕವೂ ಇರಲಿಲ್ಲ. ದೆಹಲಿಯ ಇತಿಹಾಸ ಬಲ್ಲ ನಾಗರಿಕರೊಬ್ಬರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಲ್ಲಿ ಸೋತರು. ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು.

ನಾವಿರದಿದ್ದರೆ ಪುಂಡರು ಹಾಳು ಮಾಡುತ್ತಿದ್ದರು ಎಂಬುದು ಸಂಘದ ವಾದ. ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. 2025ರಲ್ಲಿ ಕಟ್ಟಡ ಖಾಲಿ ಮಾಡಿಸಿದರು, ಅಷ್ಟು ವರ್ಷ ಇಟ್ಟುಕೊಂಡಿದ್ದಕ್ಕೆ 40 ಲಕ್ಷ ರೂಪಾಯಿ ಕಟ್ಟಲು ಹೇಳಿದರು. ಒಂದು ಕೋಣೆ ಏರಿಸಲಾಗದ ಚಹಾದವರ ಮನೆಯನ್ನೂ ಈ ಕಚೇರಿಯನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಿದೆ. ಕಾಯ್ದೆಯ ತೂಕ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಪುಟ್ಟಿಗೆ ಮಾತ್ರ ಹಿಡಿಸಿದ್ದು, ಒಬ್ಬ ಸಾಮಾನ್ಯ ಮನುಷ್ಯ ಸೋತ ಮೇಲೂ ಬಿಡದೆ ಹೋದನಲ್ಲ, ಆ ಭಾಗ.

ಕೊನೆಯ ದಿನ ಪ್ರಗತಿ ಮೈದಾನದ ಕಡೆಗೆ ಹೋದೆವು. ನಾನು ಮೊದಲ ಸಲ ದೆಹಲಿ ನೋಡಿದ್ದು 1986ರಲ್ಲಿ, ಪುಸ್ತಕ ಮೇಳಕ್ಕೆ ಬಂದಾಗ. ಆಗ ಅಲ್ಲಿ ‘ಹಾಲ್ ಆಫ್ ನೇಷನ್ಸ್’ ಎಂಬ ಸಭಾಂಗಣವಿತ್ತು. ಪಿರಮಿಡ್ಡಿನ ತುದಿ ಕತ್ತರಿಸಿದಂಥ ಆಕಾರ, ಸುತ್ತಲೂ ತ್ರಿಕೋನಗಳ ಜಾಲ, ಒಳಗೆ ನಡುವೆ ಒಂದು ಕಂಬವೂ ಇಲ್ಲ. ಸ್ವಾತಂತ್ರ್ಯದ 25ನೇ ವರ್ಷಕ್ಕೆಂದು 1972ರಲ್ಲಿ ಕಟ್ಟಿದ್ದು. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಬೇರೆ ದೇಶಗಳಲ್ಲಿ ಉಕ್ಕಿನಲ್ಲಿ ಮಾಡುವುದನ್ನು ಇಲ್ಲಿ ಉಕ್ಕು ದುಬಾರಿಯೆಂದು ಕಾಂಕ್ರೀಟಿನಲ್ಲಿ, ಕೂಲಿಯವರ ಕೈಯಲ್ಲೇ ಸುರಿದು ಎಬ್ಬಿಸಿದರು. ಪುಸ್ತಕ ನೋಡುವುದು ಬಿಟ್ಟು ಛಾವಣಿ ನೋಡುತ್ತಾ ನಿಂತಿದ್ದೆ.

2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಅದನ್ನು ಕೆಡವಿದರು. ಉಳಿಸಿ ಎಂದು ದೇಶ ವಿದೇಶಗಳಿಂದ ಮನವಿ ಬಂದಿತ್ತು. ಕಟ್ಟಡಕ್ಕೆ 60 ವರ್ಷ ತುಂಬಿದ್ದರೆ ಮಾತ್ರ ಪರಂಪರೆಯೆಂದು ಪರಿಗಣಿಸುತ್ತೇವೆ ಎಂದು ದೆಹಲಿಯ ಪರಂಪರೆ ಸಮಿತಿ ಹೇಳಿತ್ತು. ಕಟ್ಟಡಕ್ಕೆ ಆಗ 45 ವರ್ಷ. ಪುಟ್ಟಿ ಬೆರಳಲ್ಲಿ ಲೆಕ್ಕ ಹಾಕಿ, “ಹದಿನೈದು ವರ್ಷ ಕಡಿಮೆ ಬಿತ್ತಾ ಅಜ್ಜ?” ಎಂದಳು. ಈಗ ಆ ಮೈದಾನದಲ್ಲಿ ಹೊಸ ಭಾರತ ಮಂಟಪ ಎದ್ದಿದೆ. ಚೆನ್ನಾಗಿಯೇ ಇದೆ. ಆದರೆ ಹಳೆಯದಾಗುವ ತನಕ ಬದುಕಲು ಬಿಡದಿದ್ದರೆ ಯಾವ ಕಟ್ಟಡ ತಾನೇ ಹಳೆಯದಾದೀತು?

ಮಧ್ಯಾಹ್ನ, ಪುಟ್ಟಿಗೆ ಮಾತು ಕೊಟ್ಟಿದ್ದಂತೆ, ಹತ್ತಿರವೇ ಇರುವ ಪ್ರಾಣಿಸಂಗ್ರಹಾಲಯಕ್ಕೆ ಹೋದೆವು. ಬಿಳಿ ಹುಲಿ ನೋಡಿದ ಮೇಲೆ ನಾನು ಅವಳಿಗೆ ತೋರಿಸಿದ್ದು ಒಂದು ಕೋಸ್ ಮಿನಾರ್. ಮೊಘಲರ ಕಾಲದ ಹೆದ್ದಾರಿಯ ಮೈಲಿಗಲ್ಲು ಅದು. ಒಂದು ಕೋಸ್, ಅಂದರೆ ಸುಮಾರು ಮೂರು ಕಿಲೋಮೀಟರಿಗೊಂದು. ಕುದುರೆ ಸವಾರರಿಗೂ ಗಾಡಿಯವರಿಗೂ ದೂರದಿಂದಲೇ ದಾರಿ ಕಾಣಲೆಂದು ಎತ್ತರವಾಗಿ ಕಟ್ಟಿದ ದುಂಡು ಗೋಪುರ. ದಾರಿ ಹೋಯಿತು, ಸುತ್ತ ಪ್ರಾಣಿಗಳ ಆವರಣಗಳು ಬಂದವು, ಮಿನಾರ್ ಮಾತ್ರ ಕದಲಲಿಲ್ಲ.

“ಇದರ ಮುಂದಿನದು ಎಲ್ಲಿ?” ಎಂದು ಕೇಳಿದಳು. ಎಲ್ಲವೂ ಉಳಿದಿಲ್ಲ ಮಗೂ, ಎಂದೆ. ದೇಶದ 3,693 ಸಂರಕ್ಷಿತ ಸ್ಮಾರಕಗಳಲ್ಲಿ 50 ಕಾಣೆಯಾಗಿವೆ ಎಂದು ಕೆಲವು ವರ್ಷಗಳ ಹಿಂದೆ ಸರ್ಕಾರವೇ ಸಂಸತ್ತಿಗೆ ತಿಳಿಸಿತು. 14 ನಗರ ಬೆಳೆದು ನುಂಗಿದ್ದು, 12 ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದು, 24 ಎಲ್ಲಿದ್ದವು ಎಂದೇ ಪತ್ತೆಯಿಲ್ಲದ್ದು. ದೆಹಲಿಯಲ್ಲೇ ಎರಡು: ಬಾರಾಖಂಬಾ ಸ್ಮಶಾನ, ಮುಬಾರಕ್‌ಪುರದ ಇಂಚ್ಲಾ ವಾಲಿ ಗುಮ್ಟಿ. ಆಗ್ರಾ ಕಡೆಯ ಫರೀದಾಬಾದಿನಲ್ಲಿ, ಮುಜೇಸರ್ ಎಂಬಲ್ಲಿದ್ದ ಒಂದು ಕೋಸ್ ಮಿನಾರ್ ಕೂಡ ಅದರಲ್ಲಿದೆ. ಈ ಮೂರನ್ನೂ ಸೇರಿಸಿ 18 ಹೆಸರುಗಳನ್ನು ಪಟ್ಟಿಯಿಂದ ತೆಗೆಯಲು 2024ರಲ್ಲಿ ಪುರಾತತ್ವ ಇಲಾಖೆ ನಿರ್ಧರಿಸಿತು.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು, ಮೂರು ದಿನ ನೋಡಿದ್ದನ್ನೆಲ್ಲ ಒಂದರ ಕೆಳಗೊಂದು ಬರೆಯತೊಡಗಿದಳು. ಹಾಲ್ ಆಫ್ ನೇಷನ್ಸ್ ಹೆಸರನ್ನೂ ಬರೆದು, ಮುಂದೆ ಏನು ಹಾಕಲಿ ಎಂದು ನನ್ನ ಮುಖ ನೋಡಿದಳು. ‘ಗೈರು’ ಎಂದು ಬರಿ, ಎಂದೆ.